ಅತಿವೇಗವೆಂದರೆ ಎಷ್ಟು?

ದಿನಪತ್ರಿಕೆಯ ಜಿಲ್ಲಾ ವಾರ್ತೆಗಳ ಪುಟವನ್ನು ತಪ್ಪದೆ ಓದುವವರಿಗೆ ಒಂದು ಮಾತು ಕಂಠಪಾಠವಾಗಿರುತ್ತದೆ: ಚಾಲಕನ ಅತಿವೇಗ ಹಾಗೂ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ. ಊರಿನ ಹೆಸರು ಬದಲಾಗುತ್ತದೆ, ಸತ್ತವರ ಸಂಖ್ಯೆ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವ ಫಿರ್ಯಾದಿನಲ್ಲಿಯೂ ಇದೇ ಒಕ್ಕಣೆ. ಅಪಘಾತವನ್ನು ಕಣ್ಣಾರೆ ಕಂಡ ರೈತನೂ, ಕಾಣದೆ ಆಸ್ಪತ್ರೆಗೆ ಓಡಿಬಂದ ತಮ್ಮನೂ ಒಂದೇ ಭಾಷೆಯಲ್ಲಿ ಹೇಳಿಕೆ ಕೊಟ್ಟಂತೆ ದಾಖಲಾಗಿರುತ್ತದೆ. ವಕೀಲಿ ವೃತ್ತಿಯಲ್ಲಿ ಬಹುಕಾಲ ಕಳೆದ ನನಗೆ ಈ ‘ಅತಿವೇಗ’ವೆಂಬ ಪದದೊಡನೆ ಒಂದು ಹಳೆಯ ಲೆಕ್ಕಾಚಾರವಿದೆ. ಇಂದಿನ ಈ ಹದಿನೈದು ನಿಮಿಷಗಳಲ್ಲಿ ಅದನ್ನು ತಮ್ಮ ಮುಂದೆ ಬಿಚ್ಚಿಡಬಯಸುತ್ತೇನೆ.

ನಾನು ಹಿರಿಯ ವಕೀಲರೊಬ್ಬರ ಕೈಕೆಳಗೆ ಹೊಸದಾಗಿ ಸೇರಿದ್ದ ದಿನಗಳು. ಹೆದ್ದಾರಿಯ ಬದಿಯ ಒಂದು ಹಳ್ಳಿಯ ಮುಂದೆ ಲಾರಿಯೊಂದು ಸೈಕಲ್ಲಿನ ಮೇಲೆ ಹೋಗುತ್ತಿದ್ದ ಶಾಲಾ ಬಾಲಕನಿಗೆ ಬಡಿದು ಅವನು ತೀರಿಕೊಂಡಿದ್ದ. ಲಾರಿಯ ಚಾಲಕ ನಮ್ಮ ಕಕ್ಷಿದಾರ. ಕಣ್ಣಾರೆ ಕಂಡವನು ಒಬ್ಬನೇ, ಎತ್ತಿನ ಗಾಡಿ ಹೊಡೆಯುವ ವಯಸ್ಸಾದ ರೈತ. ಲಾರಿ ಅತಿವೇಗವಾಗಿ ಬಂತೆಂದು ಅವನು ಮುಖ್ಯ ವಿಚಾರಣೆಯಲ್ಲಿ ಹೇಳಿದ. ಪಾಟೀಸವಾಲಿಗೆ ಎದ್ದುನಿಂತ ನಾನು, ಗುರುಗಳು ಹೇಳಿಕೊಟ್ಟಿದ್ದಂತೆ, ಒಂದೇ ಪ್ರಶ್ನೆ ಕೇಳಿದೆ: “ಯಜಮಾನರೇ, ಅತಿವೇಗ ಅಂದರೆ ಗಂಟೆಗೆ ಎಷ್ಟು ಮೈಲಿ?”

ಆತ ತಬ್ಬಿಬ್ಬಾದ. ನನ್ನನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿ, “ಸ್ವಾಮಿ, ನಾನು ಎತ್ತಿನ ಗಾಡಿಯವನು. ನನ್ನನ್ನು ಹಿಂದೆ ಹಾಕಿ ಹೋಗೋದೆಲ್ಲ ನನಗೆ ಜೋರೇ” ಎಂದ. ನ್ಯಾಯಾಲಯದಲ್ಲಿ ನಗೆ ಎದ್ದಿತು. ನಾನೂ ನಕ್ಕೆ. ಚಾಲಕನಿಗೆ ಸಂಶಯದ ಲಾಭ ದೊರೆತು ಬಿಡುಗಡೆಯಾಯಿತು. ಹುಡುಗನ ತಾಯಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆಂಬುದು ನಾನು ಹೊರಗೆ ಬರುವಾಗಲಷ್ಟೇ ನನ್ನ ಗಮನಕ್ಕೆ ಬಂದಿತು.

ಆ ಪ್ರಶ್ನೆ ಕುಯುಕ್ತಿಯಾಗಿತ್ತೆ? ಕೇಳುಗರಲ್ಲಿ ಹಲವರು ಹಾಗೆಯೇ ಭಾವಿಸಬಹುದು. ಆದರೆ ಕಾನೂನಿನ ಪುಸ್ತಕವನ್ನೇ ತೆರೆದು ನೋಡೋಣ. ಭಾರತೀಯ ದಂಡ ಸಂಹಿತೆ 1860ರದು. ಸಾರ್ವಜನಿಕ ದಾರಿಯಲ್ಲಿ ವಾಹನವನ್ನು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ನಡೆಸಿ ಪರರ ಜೀವಕ್ಕೆ ಅಪಾಯ ತರುವುದು ಅದರ 279ನೆಯ ಕಲಮಿನ ಪ್ರಕಾರ ಅಪರಾಧ. ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಸಾವು ಸಂಭವಿಸಿದರೆ 304-ಎ ಕಲಮು. ಇದನ್ನು 1870ರಲ್ಲಿ ಸೇರಿಸಲಾಯಿತು. ಎರಡೂ ಮೋಟಾರು ವಾಹನ ಹುಟ್ಟುವುದಕ್ಕೆ ಮೊದಲೇ, ಕುದುರೆಗಾಡಿ ಎತ್ತಿನ ಗಾಡಿಗಳ ಕಾಲದಲ್ಲಿ ರಚಿತವಾದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಇವೇ ವಿಷಯಗಳು 281 ಮತ್ತು 106ನೆಯ ಕಲಮುಗಳಿಗೆ ಸ್ಥಳಾಂತರಗೊಂಡಿವೆ. ಸಾವಿಗೆ ಕಾರಣನಾದವನಿಗೆ ಹಿಂದೆ ಎರಡು ವರ್ಷದವರೆಗೆ ಇದ್ದ ಸೆರೆ ಈಗ ಐದು ವರ್ಷದವರೆಗೆ ಏರಿದೆ. ಆದರೆ ಹಳೆಯ ಕಲಮಿನಲ್ಲಾಗಲಿ ಹೊಸದರಲ್ಲಾಗಲಿ ‘ವೇಗ’ ಎಂಬ ಪದವೇ ಇಲ್ಲ!

ಇರುವುದು ದುಡುಕು ಮತ್ತು ನಿರ್ಲಕ್ಷ್ಯ. ಎರಡೂ ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಪದಗಳು. ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹಾಲೋವೇ 1872ರಲ್ಲಿಯೇ ಇವುಗಳ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದರು. ಅದರ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಕೇಡಾಗಬಹುದೆಂದು ತಿಳಿದಿದ್ದೂ ಆಗಲಾರದೆಂಬ ಆಸೆಯಿಂದ ಮುನ್ನುಗ್ಗುವುದು ದುಡುಕು. ಕೇಡಿನ ಅರಿವೇ ಇಲ್ಲದೆ, ಇರಬೇಕಾದ ಎಚ್ಚರವನ್ನು ಕೈಬಿಡುವುದು ನಿರ್ಲಕ್ಷ್ಯ. ನಮ್ಮ ಠಾಣೆಗಳ ಬರವಣಿಗೆಯಲ್ಲಿ ನಿರ್ಲಕ್ಷ್ಯವು ‘ಅಜಾಗರೂಕತೆ’ಯಾಯಿತು, ಅದು ಸರಿಯೇ. ಆದರೆ ದುಡುಕು ಇರಬೇಕಾದ ಜಾಗದಲ್ಲಿ ‘ಅತಿವೇಗ’ ಬಂದು ಕುಳಿತುಬಿಟ್ಟಿತು. ಮನಸ್ಸಿನ ಗುಣವನ್ನು ಹೇಳಬೇಕಾದ ಕಡೆ ಚಕ್ರದ ಗುಣವನ್ನು ಹೇಳುವ ಪದ ಬಂತು. ಬರೆಯುವವರಿಗೆ ಇದು ಸಣ್ಣ ಪಲ್ಲಟವೆನಿಸಿರಬಹುದು. ನ್ಯಾಯಾಲಯದಲ್ಲಿ ಇದರ ಫಲ ಸಣ್ಣದಲ್ಲ.

1982ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಲಾರಿಯೊಂದು ಹಳ್ಳವನ್ನು ದಾಟುವಾಗ ಮಗುಚಿಕೊಂಡಿತು. 15 ಜನ ಸತ್ತರು. ಸುಮಾರು 18 ಜನರಿಗೆ ಗಾಯಗಳಾದವು. ವಿಚಾರಣಾ ನ್ಯಾಯಾಲಯ ಚಾಲಕನನ್ನು ತಪ್ಪಿತಸ್ಥನೆಂದಿತು; ಮೇಲ್ಮನವಿಯಲ್ಲಿಯೂ ಅದು ಸ್ಥಿರವಾಯಿತು. ಉಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ದೆಹಲಿಯವರೆಗೆ ಹೋಯಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಲಾರಿ ಹೆಚ್ಚು ವೇಗದಲ್ಲಿತ್ತೆಂದು ಸಾಕ್ಷಿಗಳು ಹೇಳಿದ್ದು ನಿಜ. ಆದರೆ ಹೆಚ್ಚು ವೇಗವೆಂದರೆ ಎಷ್ಟೆಂದು ಅಂದಾಜಿಗಾದರೂ ಹೇಳಿದವರು ಒಬ್ಬರೂ ಇರಲಿಲ್ಲ. ಹೆಚ್ಚು ವೇಗವೆಂಬುದು ಸಾಪೇಕ್ಷವಾದ ಮಾತು, ಅದೊಂದರಿಂದಲೇ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಿದ್ಧವಾಗದು, ಅದನ್ನು ರುಜುವಾತುಪಡಿಸುವ ಹೊಣೆ ಸರ್ಕಾರದ ಪಕ್ಷದ್ದು ಎಂಬುದು ತೀರ್ಪಿನ ಸಾರ. ಲಾರಿ ಮಗುಚುವುದಕ್ಕೆ ಮುನ್ನ ದೊಡ್ಡದೊಂದು ಎತ್ತಾಟವಾಗಿತ್ತೆಂಬ ಸಾಕ್ಷ್ಯವಿತ್ತು. ಅದು ಹದಗೆಟ್ಟ ರಸ್ತೆಯಿಂದಲೋ, ಯಂತ್ರದ ದೋಷದಿಂದಲೋ? ಹೇಳಬಹುದಾಗಿದ್ದವರು ಮೋಟಾರು ವಾಹನ ನಿರೀಕ್ಷಕರು. ಅವರ ವರದಿಯನ್ನು ಹಾಜರುಪಡಿಸಿರಲಿಲ್ಲ. ಅವರನ್ನು ಸಾಕ್ಷಿಯಾಗಿ ಕರೆದಿರಲೂ ಇಲ್ಲ.

ಹದಿನೈದು ಸಾವುಗಳ ಎದುರಿಗೆ ಈ ತೀರ್ಪು ಕಠೋರವಾಗಿ ಕೇಳಿಸುತ್ತದೆ. ನನಗೂ ಬಹಳ ದಿನ ಹಾಗೆಯೇ ಎನಿಸಿತ್ತು. ಆದರೆ ಅದನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು, ನ್ಯಾಯಾಲಯದ ಅಸಮಾಧಾನ ಸಾಕ್ಷಿ ಹೇಳಿದ ಹಳ್ಳಿಗರ ಮೇಲಲ್ಲ, ಒಂದು ಪದವನ್ನು ನೆಚ್ಚಿ ಉಳಿದ ಕೆಲಸವನ್ನು ಬಿಟ್ಟ ತನಿಖೆಯ ಮೇಲೆ ಎಂಬುದು. ಮೋಟಾರು ವಾಹನ ಕಾಯಿದೆಗೂ ಬರಿಯ ಕಣ್ಣಂದಾಜಿನಲ್ಲಿ ನಂಬಿಕೆಯಿಲ್ಲ. ನಿಗದಿತ ಮಿತಿಯನ್ನು ಮೀರಿ ಓಡಿಸಿದವನಿಗೆ ಅದರ 183ನೆಯ ಕಲಮಿನಲ್ಲಿ ದಂಡವಿದೆ: 2019ರ ತಿದ್ದುಪಡಿಯ ಬಳಿಕ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಭಾರಿ ವಾಹನಕ್ಕೆ 2,000ದಿಂದ 4,000. ಆದರೆ ವೇಗ ಮಿತಿಮೀರಿತ್ತೆಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ, ಅದು ಯಾವುದಾದರೂ ಯಂತ್ರದ ಅಳತೆಯಿಂದ ಬಂದದ್ದಲ್ಲದಿದ್ದರೆ, ದಂಡ ವಿಧಿಸಕೂಡದೆಂದು ಅದೇ ಕಲಮು ಹೇಳುತ್ತದೆ. ಸಾವಿರ ರೂಪಾಯಿಯ ದಂಡಕ್ಕೆ ಸಾಲದ ಅಂದಾಜು ಸೆರೆವಾಸಕ್ಕೆ ಸಾಕಾದೀತೆ?

ಇಷ್ಟು ಕೇಳಿದವರು, ವೇಗವಾಗಿ ಓಡಿಸುವವನಿಗೆ ಕಾನೂನಿನಲ್ಲಿ ಭಯವಿಲ್ಲವೆಂದು ತಿಳಿಯಬಾರದು. ವೇಗ ಒಂದರಿಂದಲೇ ಅಪರಾಧ ಸಿದ್ಧವಾಗದೆಂಬ ಮಾತಿಗೆ ಇನ್ನೊಂದು ಮುಖವೂ ಉಂಟು: ನಿಧಾನ ಒಂದರಿಂದಲೇ ನಿರಪರಾಧವೂ ಸಿದ್ಧವಾಗದು. 2012ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ, ಕಡಿಮೆ ವೇಗದಲ್ಲಿದ್ದರೂ ಎಚ್ಚರಗೇಡಿಯಾಗಿ ನಡೆಸಿದರೆ ಅಪರಾಧವೇ ಎಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಶಾಲೆ ಬಿಡುವ ಹೊತ್ತಿನಲ್ಲಿ, ಸಂತೆಯ ದಿನದ ಬೀದಿಯಲ್ಲಿ, ಗಂಟೆಗೆ 40 ಕಿಲೋಮೀಟರು ದುಡುಕಾಗಬಹುದು. ಜನರಿಲ್ಲದ ಹೆದ್ದಾರಿಯಲ್ಲಿ ಅದರ ಎರಡರಷ್ಟೂ ಆಗದಿರಬಹುದು. ಸ್ಥಳ, ಹೊತ್ತು, ಬೆಳಕು, ಮಳೆ, ರಸ್ತೆಯ ಅಗಲ ಇವೆಲ್ಲ ಸೇರಿದ ಮೇಲೆಯೇ ‘ಅತಿ’ ಎಂಬ ಉಪಸರ್ಗಕ್ಕೆ ಅರ್ಥ ಬರುವುದು.

ಇನ್ನು ನ್ಯಾಯದ ಎರಡನೆಯ ಬಾಗಿಲಿಗೆ ಬರೋಣ. ಒಂದೇ ಅಪಘಾತದಿಂದ ಎರಡು ಬಗೆಯ ಪ್ರಶ್ನೆಗಳು ಹುಟ್ಟುತ್ತವೆ. ಚಾಲಕನನ್ನು ಶಿಕ್ಷಿಸಬೇಕೆ ಎಂಬುದು ಒಂದು. ನೊಂದವರ ನಷ್ಟವನ್ನು ಯಾರು ತುಂಬಿಕೊಡಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಕ್ರಿಮಿನಲ್ ನ್ಯಾಯಾಲಯ ನೋಡುತ್ತದೆ; ಎರಡನೆಯದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಇಲ್ಲಿ ಹೀಗಾಗಿರುವ ಸಂಭವವೇ ಹೆಚ್ಚು ಎಂದು ತಕ್ಕಡಿ ಒಂದಿಷ್ಟು ವಾಲಿದರೂ ಸಾಕು. ಎರಡೂ ಒಂದೇ ಕಟ್ಟಡದಲ್ಲಿ, ಎಷ್ಟೋ ವೇಳೆ ಅಕ್ಕಪಕ್ಕದ ಕೊಠಡಿಗಳಲ್ಲಿ ನಡೆಯುವುದರಿಂದ ಜನರಿಗೆ ಈ ಭೇದ ತಿಳಿಯುವುದಿಲ್ಲ. ಕೇಸು ಬಿದ್ದುಹೋಯಿತಂತೆ, ಇನ್ನು ಪರಿಹಾರವೆಲ್ಲಿ ಬರುತ್ತದೆ ಎಂದು ಕೈಚೆಲ್ಲಿ ಕುಳಿತ ಮನೆಗಳನ್ನು ನಾನು ಕಂಡಿದ್ದೇನೆ.

ಹಾಗೆ ಕೈಚೆಲ್ಲಬೇಕಾಗಿಲ್ಲವೆಂದು 1980ರಲ್ಲಿಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ನಿರ್ಣಯಿಸಿದರು. ರಾತ್ರಿಯ ವೇಳೆ ಖಾಸಗಿ ಬಸ್ಸೊಂದು ಜೋತುಬಿದ್ದಿದ್ದ ವಿದ್ಯುತ್ ತಂತಿಗೆ ತಗುಲಿ 8 ಮಂದಿ ಸ್ಥಳದಲ್ಲಿಯೇ ಅಸುನೀಗಿದ್ದ ಪ್ರಕರಣವದು. ಚಾಲಕ ಕ್ರಿಮಿನಲ್ ಮೊಕದ್ದಮೆಯಲ್ಲಿ ಬಿಡುಗಡೆಯಾಗಿದ್ದನಾದ್ದರಿಂದ ಪರಿಹಾರವನ್ನೂ ಕೊಡಬೇಕಾಗಿಲ್ಲವೆಂದು ಬಸ್ಸಿನವರು ವಾದಿಸಿದರು. ಶಿಕ್ಷೆಗೆ ಬೇಕಾದ ದುಡುಕಿನ ಪ್ರಮಾಣ ಬೇರೆ, ಪರಿಹಾರಕ್ಕೆ ಸಾಕಾಗುವ ನಿರ್ಲಕ್ಷ್ಯದ ಪ್ರಮಾಣ ಬೇರೆ ಎಂದು ಅವರು ಆ ವಾದವನ್ನು ತಳ್ಳಿಹಾಕಿದರು.

ಪರಿಹಾರದ ವಿಚಾರಣೆಯಲ್ಲಿ ಘಟನೆಯೇ ಬಾಯಿಬಿಟ್ಟು ಮಾತನಾಡುವುದುಂಟು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಕಾರಿನ ಪ್ರಕರಣವನ್ನು ನೋಡಿ. 1960ರ ಡಿಸೆಂಬರಿನಲ್ಲಿ ನಾಗಪುರದಿಂದ ಹೊರಟ ಕಾರು ರಸ್ತೆಯ ಬಲ ಅಂಚಿಗೆ ಹೋಗಿ ಮರಕ್ಕೆ ಬಡಿದಿತ್ತು. ಹೇಗಾಯಿತೆಂದು ಖಚಿತವಾಗಿ ಹೇಳುವವರಿರಲಿಲ್ಲ. ಆದರೆ ಮರ ಬುಡಮೇಲಾಗಿತ್ತು. ಎಂಜಿನ್ ತನ್ನ ಜಾಗದಿಂದ ಒಂದಡಿ ಹಿಂದಕ್ಕೆ ಸರಿದಿತ್ತು. ಎಚ್ಚರದಿಂದ ಹೋಗುವ ಕಾರು ತಪ್ಪು ಬದಿಗೆ ಹೋಗಿ ಮರವನ್ನು ಕೆಡಹುವುದಿಲ್ಲ. ಹೋಗಿದ್ದರೆ ಏಕೆಂದು ಕಾರಿನ ಕಡೆಯವರೇ ವಿವರಿಸಲಿ ಎಂಬುದು ಅಲ್ಲಿ ಅನ್ವಯವಾದ ನ್ಯಾಯ. ಇದನ್ನೇ ಕ್ರಿಮಿನಲ್ ಮೊಕದ್ದಮೆಗೆ ಎಳೆಯಲು ಬಾರದೆಂದು ಎರಡು ವರ್ಷಗಳ ಬಳಿಕ, 1979ರಲ್ಲಿ, ಕರ್ನಾಟಕದ ಒಬ್ಬ ಬಸ್ ಚಾಲಕನ ಪ್ರಕರಣದಲ್ಲಿ ತೀರ್ಮಾನವಾಯಿತು. ನಾಲ್ಕು ವರ್ಷದ ಮಗು ಹಠಾತ್ತನೆ ರಸ್ತೆಗೆ ಓಡಿಬಂದಾಗ ಅವನು ಬಲಕ್ಕೆ ತಿರುಗಿಸಿದ್ದ, ಮಗು ಉಳಿಯಲಿಲ್ಲ. ಆ ಕ್ಷಣದ ತಪ್ಪೆಣಿಕೆ ಅಪರಾಧವಲ್ಲವೆಂದು ಅವನು ಬಿಡುಗಡೆಯಾದ.

ಇಲ್ಲಿ ವೇಗದ ಗಣಿತವನ್ನು ಸ್ವಲ್ಪ ಹೇಳದೆ ಗತ್ಯಂತರವಿಲ್ಲ. ಗಂಟೆಗೆ 40 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 11 ಮೀಟರು. ಅಡ್ಡ ಬಂದುದನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ 11 ಮೀಟರು ಕಳೆಯಿತು. ಒಣಗಿದ ಟಾರು ರಸ್ತೆಯಲ್ಲಿ ಒಳ್ಳೆಯ ಬ್ರೇಕು ಕಾರನ್ನು ನಿಲ್ಲಿಸಲು ಇನ್ನು ಸುಮಾರು 9 ಮೀಟರು. ಒಟ್ಟು 20. ವೇಗವನ್ನು 80ಕ್ಕೆ ಏರಿಸಿದರೆ ಕಾಲು ಇಡುವ ಮೊದಲೇ 22 ಮೀಟರು ಹೋಗುತ್ತದೆ. ಬ್ರೇಕಿನ ದೂರವು ದುಪ್ಪಟ್ಟಲ್ಲ, ನಾಲ್ಕು ಪಟ್ಟಾಗಿ ಸುಮಾರು 35 ಆಗುತ್ತದೆ. ಒಟ್ಟು 57. ಆದಕಾರಣವೇ ರಸ್ತೆಯ ಮೇಲಿನ ಬ್ರೇಕಿನ ಗುರುತಿನ ಉದ್ದ, ಗಾಜು ಚೆದುರಿದ ಜಾಗ, ಬಿದ್ದ ದೇಹಕ್ಕೂ ನಿಂತ ವಾಹನಕ್ಕೂ ಇರುವ ಅಂತರ, ಇವೆಲ್ಲ ಸಾಕ್ಷಿಯ ‘ಅತಿವೇಗ’ಕ್ಕಿಂತ ಹೆಚ್ಚು ಬೆಲೆಬಾಳುವ ಮಾತುಗಳು. ಸ್ಥಳದ ಮಹಜರಿನಲ್ಲಿ ಇವು ದಾಖಲಾಗದೆ ಹೋದರೆ ಮುಂದಿನ ಮಳೆಯೋ, ಮುಂದಿನ ನೂರು ಲಾರಿಗಳೋ ಎಲ್ಲವನ್ನೂ ಅಳಿಸಿಬಿಡುತ್ತವೆ. ಹರಿದ ರಟ್ಟಿನ ಮೇಲೆ ಬರೆದ ಕೈನಕ್ಷೆಯಾದರೂ ಚಿಂತೆಯಿಲ್ಲ, ಅಳತೆ ಇರಬೇಕು.

ನ್ಯಾಯಮಂಡಳಿಯಲ್ಲಿ ತಪ್ಪನ್ನು ಪಾಲುಮಾಡುವ ಪದ್ಧತಿಯೂ ಇದೆ. 2017ರ ಜನವರಿಯಲ್ಲಿ ಕೊಯಮತ್ತೂರಿನ ಹೆದ್ದಾರಿಯಲ್ಲಿ ಕಾರೊಂದು, ಒಳಗಿದ್ದ ಗರ್ಭಿಣಿಗೆ ವಾಂತಿ ಬಂದಂತಾಯಿತೆಂದು, ಯಾವ ಸೂಚನೆಯೂ ಇಲ್ಲದೆ ಥಟ್ಟನೆ ನಿಂತಿತು. ಹಿಂದೆ ಬರುತ್ತಿದ್ದ ಮೋಟಾರ್ ಸೈಕಲ್ ಅದಕ್ಕೆ ಬಡಿಯಿತು. ಕೆಳಗೆ ಬಿದ್ದ ವಿದ್ಯಾರ್ಥಿಯ ಕಾಲಿನ ಮೇಲೆ ಬಸ್ಸು ಹರಿಯಿತು. ಕಾಲನ್ನು ಕತ್ತರಿಸಬೇಕಾಯಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಮಾಡಿದ ಪಾಲು ಇದು: ನಿಂತ ಕಾರಿನ ತಪ್ಪು ನೂರಕ್ಕೆ 50, ಬಸ್ಸಿನದು 30, ಅಂತರ ಕಾಯದೆ ಬಂದ ವಿದ್ಯಾರ್ಥಿಯದು 20. ಅವನ ಪರಿಹಾರದಲ್ಲಿ ಆ ಇಪ್ಪತ್ತು ಭಾಗ ಕಡಿತವಾಯಿತು. ಇಡೀ ಘಟನೆಯಲ್ಲಿ ದೊಡ್ಡ ತಪ್ಪು ನಿಂತವನದು, ಓಡಿದವನದಲ್ಲ! ಹಿಂದಿನ ಸೀಟಿನಲ್ಲಿ ಕುಳಿತವನಿಗೆ, ಬಸ್ಸಿನ ಪ್ರಯಾಣಿಕನಿಗೆ ಮಾತ್ರ ಇಂಥ ಕಡಿತವಿಲ್ಲ. ಎರಡು ವಾಹನಗಳ ಚಾಲಕರಲ್ಲಿ ಯಾರ ವೇಗ ಎಷ್ಟಿತ್ತೆಂಬುದು ಅವರವರ ಜಗಳ. ಪ್ರಯಾಣಿಕ ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಪರಿಹಾರ ಪಡೆಯಬಹುದು.

ವೇಗ ಅತ್ಯಂತ ನಿಷ್ಠುರವಾಗಿ ಲೆಕ್ಕ ತೀರಿಸುವುದು ಓಡಿಸಿದವನೇ ಸತ್ತಾಗ. 2014ರ ಜೂನ್ 18ರಂದು ಒಬ್ಬ ಗೃಹಸ್ಥರು ಮಲ್ಲಸಂದ್ರದಿಂದ ಅರಸೀಕೆರೆಯ ಕಡೆಗೆ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಕಾರು ಬೇರೊಬ್ಬರದು. ಅದು ಉರುಳಿ ಅವರು ಮೃತರಾದರು. ಟಯರು ಸಿಡಿದದ್ದೇ ಕಾರಣವೆಂದು ಮನೆಯವರು ಹೇಳಿದರು; ಅವರದೇ ವೇಗ ಮತ್ತು ಅಜಾಗರೂಕತೆ ಕಾರಣವೆಂದು ಪೊಲೀಸರ ದೋಷಾರೋಪ ಪಟ್ಟಿ ಹೇಳಿತು. ಹೆಂಡತಿ, ಮಗ, ತಂದೆತಾಯಿಗಳು 80 ಲಕ್ಷ ರೂಪಾಯಿ ಕೇಳಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. 2025ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವೂ ಮಧ್ಯೆ ಪ್ರವೇಶಿಸಲಿಲ್ಲ. ಇನ್ನೊಬ್ಬರ ವಾಹನವನ್ನು ಎರವಲು ಪಡೆದು ನಡೆಸುವವನು ಮಾಲೀಕನ ಸ್ಥಾನದಲ್ಲಿಯೇ ನಿಂತವನು; ತನ್ನ ತಪ್ಪಿಗೆ ತನಗೇ ಪರಿಹಾರ ಕೊಡೆಂದು ಯಾರನ್ನು ಕೇಳಬೇಕು? 2009ರಲ್ಲಿ ಇಳಕಲ್ಲು–ಕುಷ್ಟಗಿ ಹೆದ್ದಾರಿಯ ಇನ್ನೊಂದು ಪ್ರಕರಣದಲ್ಲಿಯೂ ಈ ತತ್ತ್ವವೇ ಬಂದಿತ್ತು. ಎರವಲು ತಂದ ಮೋಟಾರ್ ಸೈಕಲ್ಲು, ಮುಂದೆ ತಗಡು ಹೇರಿಕೊಂಡು ಹೋಗುತ್ತಿದ್ದು ಹಠಾತ್ತನೆ ನಿಂತ ಎತ್ತಿನ ಗಾಡಿಗೆ ಬಡಿದಿತ್ತು.

ಅರಸೀಕೆರೆಯ ಪ್ರಕರಣದ ಸುದ್ದಿ ಬಂದಾಗ, ವೇಗವಾಗಿ ಓಡಿಸಿದರೆ ವಿಮಾ ಸಂಸ್ಥೆ ಯಾರಿಗೂ ಹಣ ಕೊಡಬೇಕಾಗಿಲ್ಲ ಎಂಬ ತಪ್ಪು ತಿಳಿವಳಿಕೆ ಊರೆಲ್ಲ ಹರಡಿತು. ನನ್ನ ನೆರೆಯವರೊಬ್ಬರು ಗಾಬರಿಯಿಂದ ಬಂದು ಕೇಳಿದ್ದುಂಟು. ವಿಷಯ ಹಾಗಿಲ್ಲ. ಲಾರಿಗೆ ಸಿಕ್ಕಿ ಸತ್ತ ದಾರಿಹೋಕನ ಮನೆಯವರಿಗೆ ಹಣ ಕೊಡುವುದನ್ನು ತಪ್ಪಿಸಿಕೊಳ್ಳಲು ವಿಮಾ ಸಂಸ್ಥೆ ಎತ್ತಬಹುದಾದ ಆಕ್ಷೇಪಗಳನ್ನು ಕಾಯಿದೆಯೇ ಪಟ್ಟಿಮಾಡಿದೆ. ಪರವಾನಗಿ ಇಲ್ಲದಿರುವುದು, ಕುಡಿದು ಓಡಿಸುವುದು ಮೊದಲಾದವು ಆ ಪಟ್ಟಿಯಲ್ಲಿವೆ, ವೇಗ ಇಲ್ಲ. ಚಾಲಕ ಎಷ್ಟು ವೇಗವಾಗಿದ್ದರೆ ದಾರಿಹೋಕನ ಹಕ್ಕು ಅಷ್ಟು ಬಲವಾಗುತ್ತದೆ, ಚಾಲಕನ ಸ್ವಂತ ಮನೆಯವರ ಹಕ್ಕು ಅಷ್ಟೇ ಸೊರಗುತ್ತದೆ. ಮಾಲೀಕನೇ ಚಾಲಕನಾಗಿದ್ದು ವೈಯಕ್ತಿಕ ಅಪಘಾತ ವಿಮೆಯನ್ನು ಮಾಡಿಸಿದ್ದರೆ, ಅದರ ಗೊತ್ತಾದ ಮೊತ್ತ ಮನೆಯವರಿಗೆ ಬರಬಹುದು. ಎರವಲು ವಾಹನದವನ ಪಾಲಿಗೆ ಅದೂ ಸಂದೇಹವೇ.

ನನ್ನ ಎತ್ತಿನ ಗಾಡಿಯ ಸಾಕ್ಷಿಯನ್ನು ನಾನು ಮತ್ತೊಮ್ಮೆ ಕಂಡದ್ದು ಪರಿಹಾರದ ಅರ್ಜಿಯ ವಿಚಾರಣೆಯಲ್ಲಿ. ಹುಡುಗನ ತಾಯಿ ಅರ್ಜಿದಾರಳು; ನಾವು ಲಾರಿಯ ಮಾಲೀಕನ ಪರ. ಹಿಂದೆ ಫಲಿಸಿದ ಪ್ರಶ್ನೆಯನ್ನೇ ನಾನು ಮತ್ತೆ ಎತ್ತಿದೆ. ನ್ಯಾಯಾಧೀಶರು ಕೈ ತೋರಿ ನನ್ನನ್ನು ಕೂರಿಸಿದರು. ಸಾಕ್ಷಿಯ ಕಡೆ ತಿರುಗಿ, “ಮೈಲಿಯ ಮಾತು ಬಿಡಪ್ಪ. ಹುಡುಗ ಎಲ್ಲಿ ಬಿದ್ದಿದ್ದ, ಸೈಕಲ್ಲು ಎಲ್ಲಿ ಬಿದ್ದಿತ್ತು?” ಎಂದು ಕೇಳಿದರು.

“ಹುಡುಗ ಹುಣಿಸೆಮರದ ಬುಡದಲ್ಲಿ, ಸ್ವಾಮಿ. ಸೈಕಲ್ಲನ್ನ ಲಾರಿ ಎಳಕೊಂಡು ಹೋಗಿ ಮೋರಿ ಹತ್ತಿರ ಬಿಟ್ಟಿತ್ತು.”

“ಎರಡಕ್ಕೂ ನಡುವೆ ಎಷ್ಟು ದೂರ?”

ಆತ ಈ ಸಲ ತಡವರಿಸಲಿಲ್ಲ. ಕಣ್ಣು ಮುಚ್ಚಿ, ಬೆರಳು ಮಡಿಸಿ ಎಣಿಸಿದ. “ನನ್ನ ಗಾಡಿ, ಎತ್ತು ಹೂಡಿದ್ದು, ಒಂದರ ಹಿಂದೆ ಒಂದು ಐದು ನಿಲ್ಲಿಸಬಹುದು ಸ್ವಾಮಿ” ಎಂದ.

ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಅದನ್ನು ಸಾಕ್ಷಿಯ ಮಾತಿನಲ್ಲಿಯೇ ಬರೆಸಿದರು. ಆ ಮೇಲೆ ಕೇಳಲು ನನ್ನ ಬಳಿ ಪ್ರಶ್ನೆಗಳಿರಲಿಲ್ಲ.